ಪ್ರತಿಕ್ರಿಯೆ: ಗುಡುಗಿಗೆ ಹೆದರಿ ಮಂಚದಡಿ ಸೇರುವ ಐದು ವರ್ಷದ ಮಗು

ಗುಡುಗು ಬಂದರೆ ಐದು ವರ್ಷದ ಮಗಳು ಮಂಚದಡಿ ಸೇರ್ತಾಳೆ, ಏನು ಮಾಡೋದು ಅಂತ ಮಂಡ್ಯದಿಂದ ಕೇಳಿದ್ದೀರಿ. ನಿಮ್ಮಲ್ಲಿ ಏಪ್ರಿಲ್-ಮೇ ಗುಡುಗುಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆಯೇ ಬರೋದು. ಹಾಗಾಗಿ ತಯಾರಿ ಬೆಳಿಗ್ಗೆ, ಬಿಸಿಲಿರುವಾಗಲೇ ಆಗಲಿ. ಮಂಚದಡಿಯಿಂದ ಎಳೆಯಬೇಡಿ, ಭಯ ಇಮ್ಮಡಿಯಾಗುತ್ತೆ. "ಏನೂ ಆಗಲ್ಲ ಸುಮ್ನಿರು" ಅನ್ನೋದೂ ಕೆಲಸ ಮಾಡಲ್ಲ. ಶಬ್ದ ಅವಳಿಗೆ ನಿಜವಾಗಿಯೇ ಕೇಳಿಸ್ತಿದೆಯಲ್ಲ! "ಜೋರು ಶಬ್ದ, ಹೆದರಿಕೆ ಆಯ್ತಾ? ನಾವು ಮನೆಯೊಳಗಿದ್ದೀವಿ" ಅಂದರೆ ಸಾಕು.

ಮಿಂಚು ಕಂಡ ತಕ್ಷಣದಿಂದ ಗುಡುಗು ಕೇಳುವ ತನಕ ಸೆಕೆಂಡುಗಳನ್ನು ಒಟ್ಟಿಗೆ ಎಣಿಸಿ. ಶಬ್ದಕ್ಕೆ 1 ಕಿ.ಮೀ. ದಾಟಲು ಸುಮಾರು 3 ಸೆಕೆಂಡು ಬೇಕು. 9 ಎಣಿಸಿದರೆ ಮಿಂಚು 3 ಕಿ.ಮೀ. ದೂರದ್ದು. ಎಣಿಕೆ ಕಮ್ಮಿಯಾಗ್ತಾ ಬಂದರೆ ಕೆಲವು ಮಕ್ಕಳು ಇನ್ನೂ ಗಾಬರಿಯಾಗ್ತಾರೆ. ಆಗ ಅಜ್ಜಿಯರ ಉಪಾಯ: ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ ಅಂತ ಅರ್ಜುನನ ಹತ್ತು ಹೆಸರು ನಿಧಾನಕ್ಕೆ ಹೇಳಿಸಿ. ನಂಬಿಕೆ ನಿಮಗೆ ಬಿಟ್ಟದ್ದು, ಉಸಿರಂತೂ ಹದಕ್ಕೆ ಬರುತ್ತೆ.

ಮಳೆಯಿಲ್ಲದ ದಿನ ಫೋನಿನಲ್ಲಿ ಗುಡುಗಿನ ಶಬ್ದ ಅತಿ ಸಣ್ಣಗೆ ಹಾಕಿ, ಅವಳು ಆಡ್ತಿರುವಾಗ, ಐದೇ ನಿಮಿಷ. ಎರಡು-ಮೂರು ದಿನಕ್ಕೊಮ್ಮೆ ಒಂದೊಂದು ಹಂತ ಏರಿಸಿ. ಅತ್ತರೆ ಹಿಂದಿನ ಹಂತಕ್ಕೆ ಇಳಿಯಿರಿ. ಆತುರಪಡುವವರು ಸೋಲೋದು ಇಲ್ಲೇ. ಕರೆಂಟ್ ಹೋದಾಗ ಟಾರ್ಚ್ ಅವಳ ಕೈಯಲ್ಲೇ ಇರಲಿ.

ಭಯವನ್ನು ಪೂರ್ತಿ ಅಳಿಸೋಕೆ ಹೋಗಬೇಡಿ. ಗುಡುಗು ಕೇಳಿದರೆ ಒಳಗೆ ಬರಬೇಕು, ಕೊನೆಯ ಗುಡುಗಾದ 30 ನಿಮಿಷದ ತನಕ ಹೊರಗೆ ಹೋಗಬಾರದು, ಮರದಡಿ ನಿಲ್ಲಬಾರದು ಅನ್ನೋದು ಅವಳಿಗೆ ಗೊತ್ತಿರಲಿ. ಸಿಡಿಲು ಬಡಿದ ವಿಡಿಯೋಗಳನ್ನು ಮಾತ್ರ ತೋರಿಸಬೇಡಿ.

ಮಳೆಗಾಲ ಮುಗಿದ ಮೇಲೂ ಮೋಡ ಕಂಡು ಶಾಲೆಗೆ ಹೋಗಲ್ಲ ಅಂದರೆ, ನಿದ್ದೆ ಕೆಟ್ಟರೆ, ಮಕ್ಕಳ ವೈದ್ಯರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಫೋನ್ ಮಾಡಿ ಕನ್ನಡದಲ್ಲೇ ಕೇಳಬಹುದು.