ಬುದ್ಧಿಮಾತು ನಾಲ್ಕು ಬೇಡ, ಒಂದು ಸಾಕು

ಪ್ರಶ್ನೆ: ಸೋಮವಾರಪೇಟೆ ಹತ್ತಿರ ನಮ್ಮದು ಎರಡೂವರೆ ಎಕರೆ ಕಾಫಿ ತೋಟ. ಅಕ್ಕನ ಮಗಳು ನಮ್ಮ ಮನೆಯಲ್ಲೇ ಬೆಳೆದವಳು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಪಿಯುಸಿ ವಿಜ್ಞಾನ. ಈಗ ಮೈಸೂರಿನ ಯುವರಾಜ ಕಾಲೇಜಿನಲ್ಲಿ ಬಿಎಸ್ಸಿ ಸೀಟು ಸಿಕ್ಕಿದೆ. ನಮ್ಮ ಮನೆಯಲ್ಲಿ ಡಿಗ್ರಿ ಓದಿದವರು ಯಾರೂ ಇಲ್ಲ. ಹೊರಡುವಾಗ ನಾಲ್ಕು ಬುದ್ಧಿಮಾತು ಹೇಳಬೇಕು ಅಂತ ಆಸೆ. ಅವಳಿಗೆ ಮಾತು ಕಡಿಮೆ, ಅದೇ ನನಗೆ ಚಿಂತೆ. ಏನು ಹೇಳಲಿ ಮೇಡಂ?

ಉತ್ತರ: ನಿಮ್ಮ ಪತ್ರ ಓದಿ ನನ್ನ ಮಾವನೇ ಬರೆದ ಹಾಗೆ ಅನ್ನಿಸಿತು. 1978ರಲ್ಲಿ ನಾನೂ ಹೀಗೇ, ನಾಪೋಕ್ಲು ಕಡೆಯಿಂದ ಒಂದು ಟ್ರಂಕು ಹಿಡಿದು ಮೈಸೂರಿಗೆ ಓದಲು ಹೋದವಳು. ಮಾತು ಕಡಿಮೆ, ಇಂಗ್ಲಿಷ್ ಇನ್ನೂ ಕಡಿಮೆ.

ಮೊದಲ ತಿಂಗಳ ಕೆಮಿಸ್ಟ್ರಿ ಲ್ಯಾಬ್ ಇನ್ನೂ ಕಣ್ಣ ಮುಂದಿದೆ. ಫ್ಲಾಸ್ಕಿನಲ್ಲಿ ಆಸಿಡ್, ಅದಕ್ಕೆ ಎರಡು ಹನಿ ಫಿನಾಲ್ಫ್ತಲೀನ್, ಬಣ್ಣ ತೋರಿಸುವ ದ್ರಾವಣ. ಮೇಲೆ ಬ್ಯೂರೆಟ್ ಅನ್ನೋ ಅಳತೆ ಗೀಟಿನ ಗಾಜಿನ ಕೊಳವೆ, ಅದರಿಂದ ಸೋಡಿಯಂ ಹೈಡ್ರಾಕ್ಸೈಡ್ ಅನ್ನೋ ಕ್ಷಾರ ಬಿಡಬೇಕು, ಬಣ್ಣ ಬಂದಾಗ ನಿಲ್ಲಿಸಬೇಕು. ಎಷ್ಟು ಬಣ್ಣ ಬಂದಾಗ? ಅದು ನನಗೆ ಗೊತ್ತಾಗಲಿಲ್ಲ. ಕೇಳಲು ನಾಲಿಗೆ ಏಳಲಿಲ್ಲ. ಬೀಟ್ರೂಟ್ ಬೇಯಿಸಿದ ನೀರಿನ ಹಾಗೆ ಆಗುವವರೆಗೂ ಬಿಟ್ಟೆ. ಆಸಿಡ್ ಎಷ್ಟಿದೆ ಅನ್ನೋ ಲೆಕ್ಕ ತಪ್ಪಿತು. ಪಕ್ಕದವಳ ರೀಡಿಂಗ್ ನೋಡಿ ಬರೆದುಕೊಂಡೆ. ಹೀಗೇ ನಾಲ್ಕು ತಿಂಗಳು!

ಕೊನೆಗೆ ಒಂದು ದಿನ ಲ್ಯಾಬಿನ ಅಟೆಂಡರ್ ಗಮನಿಸಿದರು. ವಯಸ್ಸಾದವರು. ಫ್ಲಾಸ್ಕಿನ ಕೆಳಗೆ ಒಂದು ಬಿಳಿ ಹಾಳೆ ಇಟ್ಟರು. "ಅಲ್ಲಾಡಿಸಮ್ಮ. ತಿಳಿ ಗುಲಾಬಿ ಬಂತಾ? ಅಲ್ಲಾಡಿಸಿದ ಮೇಲೂ ಹೋಗದೆ ನಿಂತಿತಾ? ಅಷ್ಟೇ. ಇನ್ನೊಂದು ಹನಿಯೂ ಬೇಡ" ಅಂದರು. ಎರಡು ನಿಮಿಷದ ಕೆಲಸ. ಆದರೆ ಅಷ್ಟರಲ್ಲಿ ವರ್ಷದ ಅರ್ಧ ಕಳೆದಿತ್ತು. ಆ ವರ್ಷ ಕೆಮಿಸ್ಟ್ರಿಯಲ್ಲಿ ಫೇಲಾದೆ. ಮನೆಗೆ ಹೇಳಲು ಆಗದೆ ಹಾಸ್ಟೆಲ್ಲಿನ ಬಚ್ಚಲಲ್ಲಿ ನಿಂತು ಅತ್ತಿದ್ದೇನೆ.

ಆಮೇಲೆ ಮೂವತ್ತು ವರ್ಷ ನಾನೇ ಪಾಠ ಮಾಡಿದೆ. ನಮ್ಮ ಕೊಡಗಿನ ಹಳ್ಳಿಗಳಿಂದ ಬಂದ ಎಷ್ಟೋ ಮಕ್ಕಳು ಹೀಗೇ ಸುಮ್ನೆ ಕೂತಿರೋದನ್ನು ನೋಡಿದೆ. ಬುದ್ಧಿ ಕಡಿಮೆ ಅಂತ ಅಲ್ಲ, ಕೇಳಿದರೆ ನಗ್ತಾರೆ ಅನ್ನೋ ಭಯ. ಅದಕ್ಕೇ ನಿಮ್ಮ ನಾಲ್ಕು ಮಾತು ಬೇಡ, ಒಂದೇ ಹೇಳಿ: "ಗೊತ್ತಾಗದಿದ್ದರೆ ಅವತ್ತೇ ಕೇಳು." ಕ್ಲಾಸಿನಲ್ಲಿ ಎದ್ದು ನಿಲ್ಲಲು ಆಗದಿದ್ದರೆ ಬೇಡ, ಕ್ಲಾಸು ಮುಗಿದ ಮೇಲೆ ಬಾಗಿಲ ಹತ್ತಿರ ಕೇಳಲಿ. ಕನ್ನಡದಲ್ಲೇ ಕೇಳಲಿ. ಮೇಷ್ಟ್ರಿಗೆ ಪುರುಸೊತ್ತಿಲ್ಲವಾ, ಸೀನಿಯರ್ ಹುಡುಗಿಯರನ್ನು ಹಿಡಿಯಲಿ.

ನಿಮಗೂ ಒಂದು ಕೆಲಸ ಇದೆ. ಫೋನಿನಲ್ಲಿ "ಊಟ ಆಯ್ತಾ, ಓದ್ತಿದ್ದೀಯಾ" ಅಂತ ಕೇಳಿದರೆ ಅವಳು "ಹ್ಞೂಂ ಮಾವ" ಅಂದು ಇಟ್ಟುಬಿಡುತ್ತಾಳೆ. "ಈ ವಾರ ಯಾವುದು ಅರ್ಥ ಆಗಲಿಲ್ಲ ಮಗಾ?" ಅಂತ ಕೇಳಿ. ಅವಳು ಹೇಳೋದು ನಿಮಗೆ ಅರ್ಥ ಆಗಬೇಕಿಲ್ಲ. ಬಾಯಿಬಿಟ್ಟು ಹೇಳಿದಳಲ್ಲ, ಅದು ಮುಖ್ಯ.

ಇನ್ನು ಕಾಗದಪತ್ರದ ವಿಷಯ. ಜಾತಿ, ಆದಾಯ ಪ್ರಮಾಣಪತ್ರ ಹಳೆಯದಾಗಿದ್ದರೆ ನಾಡಕಚೇರಿಯಲ್ಲಿ ಈಗಲೇ ಮಾಡಿಸಿ. ಮಳೆ ಜೋರಾಗಿ ಕರೆಂಟ್ ಹೋದರೆ ನಮ್ಮ ಕಡೆ ಆನ್‌ಲೈನ್ ಕೆಲಸ ದಿನಗಟ್ಟಲೆ ನಿಲ್ಲುತ್ತೆ ಅಲ್ವಾ? ಸ್ಕಾಲರ್‌ಶಿಪ್ ಅರ್ಜಿ ಎಸ್‌ಎಸ್‌ಪಿ, ಅಂದರೆ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ ಪೋರ್ಟಲ್‌ನಲ್ಲಿ ಹಾಕಬೇಕು. ಹಣ ಬರೋದು ಆಧಾರ್ ಜೋಡಣೆಯಾದ ಅವಳದೇ ಖಾತೆಗೆ. ಬ್ಯಾಂಕಿಗೆ ಒಮ್ಮೆ ಹೋಗಿ ಖಚಿತ ಮಾಡಿಕೊಳ್ಳಿ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಸಾಮಾನ್ಯ, ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚಿಲ್ಲ. ಹಾಗಂತ ವಾರ ವಾರ ಓಡಿ ಬರೋದು ಬೇಡ. 75 ಪರ್ಸೆಂಟ್ ಹಾಜರಿ ಬೇಕು, ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸಲ್ಲ. ಹುತ್ತರಿ ಹಬ್ಬಕ್ಕೆ ಬರಲಿ, ಬರಲೇಬೇಕು. ಆದರೆ ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ: ಕಾಫಿ ಕುಯ್ಲಿಗೆ ಜನ ಸಿಗಲಿಲ್ಲ ಅಂತ ಅವಳನ್ನು ಕರೆಸಬೇಡಿ. ಸೆಮಿಸ್ಟರ್ ಪರೀಕ್ಷೆಯೂ ಆ ಹೊತ್ತಿಗೇ ಬರಬಹುದು.

ಮೊದಲ ದಿನ ನೀವೇ ಜೊತೆಗೆ ಹೋಗಿ. ಗೇಟಿನ ಒಳಗೆ ಹೋದ ಮೇಲೆ ಆಫೀಸ್ ಎಲ್ಲಿ, ಲ್ಯಾಬ್ ಎಲ್ಲಿ, ಲೈಬ್ರರಿ ಕಾರ್ಡ್ ಯಾರು ಕೊಡ್ತಾರೆ ಅಂತ ಅವಳ ಬಾಯಲ್ಲೇ ಕೇಳಿಸಿ. ನಿಮಗೆ ತಡೆಯಲು ಆಗಲ್ಲ, ನೀವೇ ಕೇಳಿಬಿಡೋಣ ಅನ್ನಿಸುತ್ತೆ. ಕೇಳಬೇಡಿ. ಬ್ಯಾಗ್ ಹಿಡಿದುಕೊಂಡು ಎರಡು ಹೆಜ್ಜೆ ಹಿಂದೆ ನಿಂತಿರಿ.