ರಾತ್ರಿ ನಿಮ್ಮ ನಾಯಿ ಎಲ್ಲಿರುತ್ತದೆ?

ಓದುಗರ ಪತ್ರ:

"ಸಾಕಿದ ನಾಯಿ, ಬೆಕ್ಕುಗಳನ್ನು ರಾತ್ರಿ ಹೊರಗೆ ಬಿಡಬೇಡಿ ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. ಪೇಟೆಯಲ್ಲಿ ಕೂತು ಹೇಳುವುದು ಸುಲಭ. ನಮ್ಮದು ಕಾಡಂಚಿನ ಮನೆ. ನಾಯಿ ಇಲ್ಲದಿದ್ದರೆ ಮಂಗ ಒಂದು ಬಾಳೆಗೊನೆ ಉಳಿಸುವುದಿಲ್ಲ. ಬೆಕ್ಕು ಇಲ್ಲದಿದ್ದರೆ ಅಟ್ಟದಲ್ಲಿ ಇಲಿ ಭತ್ತ ಉಳಿಸುವುದಿಲ್ಲ. ನಾಯಿಯನ್ನು ಕಟ್ಟಿಹಾಕಿದರೆ ಚಿರತೆ ಹೊತ್ತೊಯ್ಯುತ್ತದೆ. ಮೊನ್ನೆ ನಮ್ಮ ನಾಯಿಗಳು ಸೊಪ್ಪಿನಬೆಟ್ಟದಲ್ಲಿ ಕಾಡುಕುರಿಯ (ಬೊಗಳುವ ಜಿಂಕೆ) ಮರಿಯೊಂದನ್ನು ಹಿಡಿದವು. ಬೇಜಾರಾಯಿತು. ಆದರೆ ನಾಯಿ ಬುದ್ಧಿ, ಏನು ಮಾಡುವುದು? ಬೆಕ್ಕಿನ ಕೊರಳಿಗೆ ಒಂದು ಗಂಟೆ ಕಟ್ಟಿದರೆ ಸಾಕಲ್ವಾ? ಅಂದಹಾಗೆ ಅದು ಮತ್ತೆ ನಾಲ್ಕು ಮರಿ ಹಾಕಿದೆ. ಯಾರಿಗಾದರೂ ಬೇಕಿದ್ದರೆ ತಿಳಿಸಿ."
– ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು

ಸಂಪಾದಕರ ಉತ್ತರ:

ನಮಸ್ಕಾರ. ಕಾಡುಕುರಿ ಮರಿಯ ವಿಷಯ ಮುಚ್ಚಿಡದೆ ಬರೆದಿರಲ್ಲ, ಅದಕ್ಕೆ ಮೊದಲು ಧನ್ಯವಾದ. ಎಷ್ಟೋ ಮನೆಗಳಲ್ಲಿ ಇದು ನಡೆಯುತ್ತದೆ. ಯಾರೂ ಬಾಯಿ ಬಿಡುವುದಿಲ್ಲ.

ತೋಟಕ್ಕೆ ನಾಯಿ ಬೇಕು ಅನ್ನುವುದನ್ನು ನಾನೂ ಒಪ್ಪುತ್ತೇನೆ. ನಾನು ಬೆಳೆದದ್ದೂ ತೋಟದ ಮನೆಯಲ್ಲೇ. ಆದರೆ ಮಂಗ ಬರುವುದು ಹಗಲು. ಆಗ ನೀವೂ ತೋಟದಲ್ಲಿರುತ್ತೀರಿ. ಛೂ ಅಂದರೆ ನಾಯಿ ಓಡುತ್ತದೆ, ಕರೆದರೆ ವಾಪಸ್ ಬರುತ್ತದೆ. ಅದು ಕೆಲಸ. ರಾತ್ರಿ ಅನ್ನ ಹಾಕಿ ನೀವು ಬಾಗಿಲು ಹಾಕಿಕೊಂಡ ಮೇಲೆ ಅದೇ ನಾಯಿ ಎಲ್ಲಿರುತ್ತದೆ? ಜಗುಲಿಯಲ್ಲಿ ಮಲಗಿದೆ ಅಂದುಕೊಂಡಿರುತ್ತೇವೆ. ಆಚೆಮನೆಯ ಎರಡು ನಾಯಿ ಜೊತೆಯಾದರೆ ಜಗುಲಿ ಖಾಲಿ. ಬೆಳಗ್ಗೆ ಹಾಲು ಕರೆಯುವ ಹೊತ್ತಿಗೆ ಕಾಲೆಲ್ಲ ಕೆಸರು, ಕಿವಿ ತುಂಬ ಉಣುಗು ಹತ್ತಿಸಿಕೊಂಡು ಬಂದು ಮಲಗಿರುತ್ತದೆ. ಆ ಕೆಸರು ಎಲ್ಲಿಯದು ಅಂತ ನಾವು ಕೇಳಿಕೊಳ್ಳುವುದಿಲ್ಲ. ನನ್ನ ತಕರಾರು ರಾತ್ರಿಯ ಆ ಹತ್ತು ತಾಸಿನ ಬಗ್ಗೆ ಮಾತ್ರ.

ಕಾಡುಕುರಿ ತನ್ನ ಮರಿಯನ್ನು ಪೊದೆಯಲ್ಲಿ ಅಡಗಿಸಿ ಮೇಯಲು ಹೋಗುತ್ತದೆ. ಮರಿ ಅಲ್ಲಾಡದೆ ಮಲಗಿರುತ್ತದೆ. ಅದಕ್ಕೆ ಗೊತ್ತಿರುವ ರಕ್ಷಣೆ ಅದೊಂದೇ. ಮೂಗು ನೆಲಕ್ಕೆ ಹಚ್ಚಿ ಬರುವ ನಾಯಿಯ ಮುಂದೆ ಅದು ನಡೆಯುವುದಿಲ್ಲ. ಜಿಂಕೆಯಂಥ ಪುಟ್ಟ ಪ್ರಾಣಿ ಬರ್ಕ, ಮೊಲ, ಉಡ, ನೆಲದಲ್ಲಿ ಮೊಟ್ಟೆ ಇಡುವ ಕಾಡುಕೋಳಿಯ ಪಾಡೂ ಇದೇ. ದೊಡ್ಡ ಕಾಡುಕುರಿಯಾದರೆ ಹಲ್ಲು ತಾಗದಿದ್ದರೂ, ಅಟ್ಟಿಸಿಕೊಂಡು ಓಡಿದ ಗಾಬರಿ ಮತ್ತು ದಣಿವಿಗೇ ಆಮೇಲೆ ಸಾಯಬಹುದು. ಇನ್ನೊಂದು ಸಂಗತಿ ಇದೆ. ಬೇಟೆಯ ಪ್ರಾಣಿಗಳು ಕಡಿಮೆಯಾದರೆ ಆ ಕಾಡಿನಲ್ಲಿ ಚಿರತೆಯೂ ಕಡಿಮೆಯಾಗುತ್ತದೆ. ನಾಯಿ ಕಡಿಮೆಯಾಗುವುದಿಲ್ಲ. ಅದಕ್ಕೆ ಮನೆಯಲ್ಲಿ ಅನ್ನ ಇದೆಯಲ್ಲ. ಹಾಗಾಗಿ ಕೊನೆಯ ಮರಿಯವರೆಗೂ ಅದು ಹಿಡಿಯುತ್ತಲೇ ಇರಬಲ್ಲದು.

ಕಾಯಿಲೆಯ ಮಾತನ್ನೂ ಹೇಳಿಬಿಡುತ್ತೇನೆ. ನಾಯಿಗಳಿಗೆ ಬರುವ ಡಿಸ್ಟೆಂಪರ್ ರೋಗಕ್ಕೆ 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯಲ್ಲಿ ಮೂರನೇ ಒಂದು ಭಾಗದಷ್ಟು ಸಿಂಹಗಳು ಸತ್ತವು. 2018ರಲ್ಲಿ ನಮ್ಮ ಗಿರ್ ಕಾಡಿನಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗಲೂ ಇದೇ ವೈರಸ್ ಸಿಕ್ಕಿತು. ಚಿರತೆಗೂ ಸೀಳುನಾಯಿಗೂ ಇದು ತಗಲುತ್ತದೆ. ಮಲೆನಾಡಿನಲ್ಲಿ ಹುಚ್ಚುನಾಯಿ ರೋಗದ ಚುಚ್ಚುಮದ್ದನ್ನಾದರೂ ಕೆಲವರು ಹಾಕಿಸುತ್ತಾರೆ, ಡಿಸ್ಟೆಂಪರ್‌ದು ಹಾಕಿಸುವವರು ಕಡಿಮೆ. 'ಸೆವೆನ್ ಇನ್ ಒನ್', 'ನೈನ್ ಇನ್ ಒನ್' ಅಂತ ಕೇಳಿ, ಅದರಲ್ಲಿ ಇದೂ ಸೇರಿರುತ್ತದೆ. ಮರಿಗೆ ಒಂದೂವರೆ ಎರಡು ತಿಂಗಳಾದಾಗ ಶುರು ಮಾಡಬೇಕು.

ಚಿರತೆಯ ವಿಷಯದಲ್ಲಿ ನೀವು ಹೇಳಿದ್ದೇ ಸರಿ. ಅಂಗಳದಲ್ಲಿ ಸರಪಳಿ ಹಾಕಿ ಕಟ್ಟಿದ ನಾಯಿಗೆ ಓಡಲೂ ಆಗುವುದಿಲ್ಲ. ನಮ್ಮ ಬರಹದಲ್ಲಿ ಅದನ್ನು ಬಿಡಿಸಿ ಹೇಳಬೇಕಿತ್ತು, ಹೇಳಲಿಲ್ಲ. ತಪ್ಪಾಯಿತು. ಕಟ್ಟುವುದಲ್ಲ, ಕೂಡಿಹಾಕುವುದು. ಕೊಟ್ಟಿಗೆಯ ಒಂದು ಮೂಲೆಗೆ ಅಡಿಕೆ ದಬ್ಬೆ ಹೊಡೆದು, ಸುತ್ತ ಮತ್ತು ಮೇಲೆ ಗಟ್ಟಿ ತಂತಿಬಲೆ ಹಾಕಿ, ಒಳಗೆ ಗೋಣಿಚೀಲ ಹಾಸಿ. ಒಂದು ದಿನದ ಕೆಲಸ. ರಾತ್ರಿಯ ಅನ್ನ ಅದರೊಳಗೇ ಇಡಿ. ಕೆಲವು ದಿನಕ್ಕೆ ತಾನೇ ಹೋಗಿ ಕೂರುತ್ತದೆ. ಕಳ್ಳ ಬಂದರೂ ಹಂದಿ ಬಂದರೂ ಒಳಗಿಂದಲೇ ಬೊಗಳುತ್ತದೆ. ಭತ್ತ ಬಲಿಯುವ ದಿನಗಳಲ್ಲಿ ಹಂದಿ ಕಾಯಲು ಗದ್ದೆಯ ಮಾಳದಲ್ಲಿ ಮಲಗುತ್ತೀರಾದರೆ ನಾಯಿ ಜೊತೆಗೆ ಬರಲಿ. ನೀವಿದ್ದೀರಲ್ಲ.

ಬೆಕ್ಕಿನ ವಿಷಯ ನನಗೆ ಹೆಚ್ಚು ಹತ್ತಿರದ್ದು. ಚಿಕ್ಕವನಿದ್ದಾಗ ನಮ್ಮ ಬೆಕ್ಕಿನ ಬಾಯಿಂದ ಮಡಿವಾಳ ಹಕ್ಕಿಯ ಮರಿಯೊಂದನ್ನು ಬಿಡಿಸಿದ್ದೆ. ಎದೆಯ ಮೇಲೆ ಕಂದು ಚುಕ್ಕೆ, ಬಾಲ ಇನ್ನೂ ಮೋಟು. ರಕ್ತ ಎಲ್ಲೂ ಕಾಣಲಿಲ್ಲ. ರೆಕ್ಕೆ ಎತ್ತಿ ನೋಡಿದರೆ ಸೂಜಿ ಚುಚ್ಚಿದ ಹಾಗೆ ಎರಡು ತೂತು, ಅಷ್ಟೇ. ಬದುಕಿತು ಅಂತ ಖುಷಿಯಿಂದ ರಟ್ಟಿನ ಡಬ್ಬಿಯಲ್ಲಿ ಹತ್ತಿ ಹಾಕಿ ಮಲಗಿಸಿದೆ. ಬೆಳಗ್ಗೆ ಕಾಲು ಸೆಟೆದಿತ್ತು. ತಾಯಿ ಹಕ್ಕಿ ಹುಳ ಕಚ್ಚಿಕೊಂಡು ದಾಸವಾಳದ ಗಿಡದಲ್ಲಿ ಕೂತೇ ಇತ್ತು. ಬೆಕ್ಕಿನ ಹಲ್ಲಿನ ಬ್ಯಾಕ್ಟೀರಿಯಾ ಹಕ್ಕಿಯ ರಕ್ತಕ್ಕೆ ಸೇರಿದರೆ ಒಂದೆರಡು ದಿನದಲ್ಲಿ ಅದು ಸಾಯುತ್ತದೆ ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ಗಂಟೆ ಕಟ್ಟಿದ್ದರೂ ಆ ಮರಿ ಉಳಿಯುತ್ತಿರಲಿಲ್ಲ. ಶಬ್ದ ಕೇಳಿದರೂ ಹಾರಲು ಬರಬೇಕಲ್ಲ? ಗೂಡಿನಿಂದ ಇಳಿದ ಮರಿಗಳು ಕೆಲವು ದಿನ ಗಿಡದ ಬುಡದಲ್ಲೇ ಇರುತ್ತವೆ. 2021ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಅಧ್ಯಯನವೊಂದರಲ್ಲಿ ಗಂಟೆಯಿಂದ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ. ಮಾಂಸ ಜಾಸ್ತಿ ಇರುವ ಆಹಾರ ಕೊಟ್ಟ ಬೆಕ್ಕುಗಳು ಮನೆಗೆ ತರುವ ಬೇಟೆ ಶೇ. 36ರಷ್ಟು ಇಳಿಯಿತು. ದಿನಕ್ಕೆ ಐದು ಹತ್ತು ನಿಮಿಷ ದಾರ, ಗರಿ ಹಿಡಿದು ಆಡಿಸಿದರೆ ಶೇ. 25ರಷ್ಟು. ನಾವೋ, ಹಾಲನ್ನ ಹಾಕಿ 'ಬೇಕಾದ್ದು ಹಿಡಿದು ತಿನ್ನಲಿ' ಅಂತ ಬಿಡುತ್ತೇವೆ. ಅದು ಅಂಗಳಕ್ಕೆ ಹೋಗದೆ ಇನ್ನೇನು ಮಾಡುತ್ತದೆ?

ನಿಮ್ಮ ಇಲಿ ಇರುವುದು ಅಟ್ಟದಲ್ಲಿ. ಓಡಾಡುವುದು ರಾತ್ರಿ. ಹಾಗಾದರೆ ಬೆಕ್ಕನ್ನು ಸಂಜೆಯೇ ಒಳಗೆ ಕರೆದು, ಅಟ್ಟ ಹತ್ತಲು ಬಿಟ್ಟು, ಬಾಗಿಲು ಹಾಕಿ. ಯುಗಾದಿಯಿಂದ ಮಳೆ ಹಿಡಿಯುವವರೆಗೆ, ಹಕ್ಕಿಗಳು ಮರಿ ಮಾಡುವ ಕಾಲದಲ್ಲಿ, ಬೆಳಗ್ಗೆ ಬಿಸಿಲೇರುವ ತನಕ ಹೊರಗೆ ಬಿಡಬೇಡಿ.

ಇನ್ನು ನಾಲ್ಕು ಮರಿಗಳು. ಬೇಕಾದವರು ತಿಳಿಸಿ ಅಂತ ಮುಂದಿನ ಸಂಚಿಕೆಯಲ್ಲಿ ಖಂಡಿತ ಹಾಕುತ್ತೇವೆ. ಯಾರೂ ಕೇಳದಿದ್ದರೆ ಮತ್ತೊಮ್ಮೆ ಹಾಕುತ್ತೇವೆ. ದಯವಿಟ್ಟು ಗೋಣಿಚೀಲದಲ್ಲಿ ತುಂಬಿ ಹೊಳೆ ದಾಟಿಸಿ ಬಿಡಬೇಡಿ. ನೀವು ಹಾಗೆ ಮಾಡುತ್ತೀರಿ ಅಂತಲ್ಲ, ನಮ್ಮ ಕಡೆ ಅದು ರೂಢಿಯಾಗಿಬಿಟ್ಟಿದೆ. ಉಪವಾಸ ಬೀಳುವ ಹಾಗೆ ಪ್ರಾಣಿಯನ್ನು ಬಿಟ್ಟುಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಬದುಕುಳಿದ ಒಂದೆರಡು ಆ ದಡದಲ್ಲಿ ಹಕ್ಕಿ ಹಿಡಿದೇ ಹೊಟ್ಟೆ ಹೊರೆಯುತ್ತವೆ.

ತಾಯಿ ಬೆಕ್ಕು ಹಾಲು ಕುಡಿಸುತ್ತಿರುವಾಗಲೇ ಮತ್ತೆ ಬೆದೆಗೆ ಬರಬಹುದು, ಹಾಗಾಗಿ ಈಗ ಹೊರಗೆ ಬಿಡಬೇಡಿ. ಮರಿಗಳು ಹಾಲು ಬಿಟ್ಟ ಕೂಡಲೇ ಆಪರೇಷನ್ ಮಾಡಿಸಿ. ನಿಮ್ಮ ಊರಿನ ಪಶು ಆಸ್ಪತ್ರೆಯಲ್ಲಿ ಆಗದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ. ಹಿಂದಿನ ರಾತ್ರಿ ಊಟದ ಬಗ್ಗೆ ಡಾಕ್ಟರನ್ನು ಕೇಳಿಕೊಳ್ಳಿ. ಮುಚ್ಚಳ ಇರುವ ಬುಟ್ಟಿಯಲ್ಲಿ ಕೂರಿಸಿ, ಅದು ಮಲಗುವ ಹಳೇ ಸೀರೆಯ ತುಂಡನ್ನೇ ಒಳಗೆ ಹಾಸಿ. ಬಸ್ಸಿನಲ್ಲಿ ಅಷ್ಟು ಗಾಬರಿಯಾಗುವುದಿಲ್ಲ.