ಹೊಸತೊಡಕಿನ ರಮ್ಮಿ ಮತ್ತು ಪೊಲೀಸ್ ದಾಳಿ

ಪ್ರಶ್ನೆ: ಯುಗಾದಿಯ ಮರುದಿನ ಹೊಸತೊಡಕಿನ ಊಟ ಮುಗಿಸಿ, ನಮ್ಮ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಚಿಕ್ಕಪ್ಪ, ಭಾವಮೈದುನ, ಪಕ್ಕದ ಮನೆಯವರು ಸೇರಿ ಐದು ಮಂದಿ ಆಟಕ್ಕೆ ಹತ್ತು ರೂಪಾಯಿಯಂತೆ ರಮ್ಮಿ ಆಡುತ್ತಿದ್ದೆವು. ಪೊಲೀಸರು ನೇರವಾಗಿ ಒಳಗೆ ಬಂದು, ಚಾಪೆಯ ಮೇಲಿದ್ದ ಚಿಲ್ಲರೆಯ ಜೊತೆಗೆ ಜೇಬಿನಲ್ಲಿದ್ದ ಹಣವನ್ನೂ ತೆಗೆದುಕೊಂಡು, ನಮ್ಮನ್ನು ಠಾಣೆಗೆ ಕರೆದೊಯ್ದರು. ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಮುಗಿಯಿತು ಎನ್ನುತ್ತಿದ್ದಾರೆ. ಸ್ವಂತ ಮನೆಯಲ್ಲಿ ಆಡಿದರೂ ಅಪರಾಧವೇ?
– ಮಂಡ್ಯ ಜಿಲ್ಲೆಯ ಓದುಗರು

ಉತ್ತರ: ನೀವು ಬರೆದಿರುವುದಷ್ಟೇ ನಡೆದಿದ್ದರೆ, ಅದು ಅಪರಾಧವಲ್ಲವೆಂದು ವಾದಿಸಲು ನಿಮಗೆ ಗಟ್ಟಿಯಾದ ಆಧಾರವಿದೆ. ಕರ್ನಾಟಕ ಪೊಲೀಸ್ ಕಾಯ್ದೆ, 1963ರ 79 ಮತ್ತು 80ನೇ ಕಲಮುಗಳು ಶಿಕ್ಷಿಸುವುದು ಜೂಜಿನ ಅಡ್ಡೆ ನಡೆಸುವವರನ್ನು ಮತ್ತು ಅಲ್ಲಿ ಆಡುವವರನ್ನು. ಒಂದು ಮನೆ ಅಡ್ಡೆ ಎನಿಸಿಕೊಳ್ಳಬೇಕಾದರೆ, ಅಲ್ಲಿ ಇಸ್ಪೀಟಿನಂಥ ಸಲಕರಣೆಗಳನ್ನು ಮನೆಯವರ ಲಾಭಕ್ಕಾಗಿ ಇಟ್ಟಿರಬೇಕು ಅಥವಾ ಬಳಸುತ್ತಿರಬೇಕು. ಪ್ರತಿ ಆಟಕ್ಕೆ ಕಮಿಷನ್ ಮುರಿದುಕೊಳ್ಳುವ ಮನೆಗೂ, ಬಂದ ನೆಂಟರಿಗೆ ಬಾಡೂಟ ಬಡಿಸಿ ಚಾಪೆ ಹಾಸಿಕೊಟ್ಟ ಮನೆಗೂ ಕಾನೂನು ಇಟ್ಟಿರುವ ಅಂತರ ಇದೇ.

ಸಿಕಂದರಾಬಾದಿನ ಕ್ಲಬ್ಬೊಂದರ ಮೇಲೆ ನಡೆದ ದಾಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1967ರಲ್ಲಿಯೇ, ರಮ್ಮಿಯು ಪ್ರಧಾನವಾಗಿ ಕೌಶಲದ ಆಟವೆಂದೂ, ಆದರೆ ಜಾಗದ ಮಾಲೀಕರು ಅದರಿಂದ ಲಾಭ ಮಾಡಿಕೊಳ್ಳುತ್ತಿದ್ದರೆ ಅಪರಾಧವಾಗಬಹುದೆಂದೂ ಹೇಳಿತು. 2021ರಲ್ಲಿ ನಮ್ಮ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು, ಹಣ ಕಟ್ಟಿ ಆಡುವ ಕೌಶಲದ ಆಟಗಳನ್ನೂ ಜೂಜಿನ ಸಾಲಿಗೆ ಸೇರಿಸಿದಾಗ, ಅದರ ಮುಖ್ಯ ಭಾಗಗಳನ್ನು ರಾಜ್ಯ ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದುಪಡಿಸಿತು. ಅಂದರ್ ಬಾಹರ್‌ಗೆ ಈ ರಕ್ಷಣೆಯಿಲ್ಲ, ಏಕೆಂದರೆ ಅದು ಬರೀ ಅದೃಷ್ಟದ ಆಟ. ಆದ್ದರಿಂದ ಎಫ್‌ಐಆರ್‌ನಲ್ಲಿ ಯಾವ ಆಟದ ಹೆಸರು ಬರೆದಿದ್ದಾರೆ ಎಂಬುದನ್ನು ದಯವಿಟ್ಟು ಮೊದಲು ನೋಡಿ.

ಇನ್ನು ಒಳಗೆ ಬಂದ ಬಗೆ. ಅಡ್ಡೆಯೆಂಬ ಅನುಮಾನದ ಮೇಲೆ ಮನೆಯನ್ನು ಶೋಧಿಸಲು 81ನೇ ಕಲಮಿನಡಿ ಮ್ಯಾಜಿಸ್ಟ್ರೇಟರ ಅಥವಾ ಅಧಿಕಾರವುಳ್ಳ ಹಿರಿಯ ಪೊಲೀಸ್ ಅಧಿಕಾರಿಯ ವಾರಂಟ್ ಇರಬೇಕು. "ಬಾತ್ಮೀದಾರರಿಂದ ಬಂದ ಖಚಿತ ಮಾಹಿತಿ" ಎಂಬ ಒಂದು ಸಾಲು ವಾರಂಟಿನ ಬದಲಿಗೆ ನಿಲ್ಲಲಾರದು. ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರಲ್ಲಿ ಒಮ್ಮತದಿಂದ ಸಾರಿದ ಪ್ರಕರಣದ ಅರ್ಜಿದಾರರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಸಾಲ ಮಾಡಿ ಜೂಜಾಡಿ ಹೊಲ ಮನೆ ಕಳೆದುಕೊಂಡವರನ್ನು ನಾನು ಬಲ್ಲೆ, ಅಡ್ಡೆಗಳ ಮೇಲಿನ ದಾಳಿಯನ್ನು ನಾನು ವಿರೋಧಿಸುವುದಿಲ್ಲ. ಆದರೆ ಹಬ್ಬದ ಮನೆಯೊಳಗೆ ಅನುಮತಿಯಿಲ್ಲದೆ ನುಗ್ಗಿ ಹೆಂಗಸರು ಮಕ್ಕಳ ಎದುರು ಗಂಡಸರ ಜೇಬು ತಡಕುವುದು ಆ ಕೆಲಸಕ್ಕೆ ಸೇರಿದ್ದಲ್ಲ, ಅದು ಸರ್ಕಾರ ತನ್ನ ಮಿತಿ ಮೀರಿದ ನಡೆ ಎಂದೇ ನನ್ನ ಅಭಿಪ್ರಾಯ.

ದಂಡ ಕಟ್ಟುವ ಸಲಹೆಯನ್ನು ಮಾತ್ರ ಖಂಡಿತ ಒಪ್ಪಬೇಡಿ. ಮೊತ್ತ ಸಣ್ಣದೆಂದು, ಕೋರ್ಟಿಗೆ ಅಲೆಯುವುದು ತಪ್ಪಲಿ ಎಂದು ಎಷ್ಟೋ ಮಂದಿ ತಲೆಯಾಡಿಸಿ ಬರುತ್ತಾರೆ. ಆದರೆ ತಪ್ಪೊಪ್ಪಿಗೆಯ ಮೇಲೆ ವಿಧಿಸಿದ ದಂಡವೂ ದಾಖಲೆಯಲ್ಲಿ ಶಿಕ್ಷೆಯೇ ಆಗಿದ್ದು, ಮುಂದೆ ನೀವು ಅಥವಾ ನಿಮ್ಮ ಭಾವಮೈದುನ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಿದಾಗ, ತಮ್ಮ ಮೇಲಿದ್ದ ಪ್ರಕರಣದ ಬಗ್ಗೆ ಕೇಳುವ ಕಾಲಂ ಎದುರು ಪೆನ್ನು ಹಿಡಿದು ಕೂರಬೇಕಾಗುತ್ತದೆ. ಅದರ ಬದಲು ವಕೀಲರ ಮೂಲಕ ಎಫ್‌ಐಆರ್, ವಾರಂಟ್ ಮತ್ತು ಮಹಜರಿನ ಪ್ರತಿಗಳನ್ನು ಪಡೆಯಿರಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮಿನ ಪ್ರಕಾರ ಶೋಧ ಮತ್ತು ಜಪ್ತಿಯನ್ನು ವಿಡಿಯೊ ಮಾಡಿರಬೇಕು, ಅದನ್ನೂ ಕೇಳಿ. ಇವುಗಳಲ್ಲಿ ಲೋಪ ಕಂಡರೆ ಪ್ರಕರಣ ರದ್ದುಪಡಿಸುವಂತೆ ಅದೇ ಸಂಹಿತೆಯ 528ನೇ ಕಲಮಿನಡಿ ಹೈಕೋರ್ಟಿಗೆ ಹೋಗಬಹುದು. ಮಹಜರು ಕೈಗೆ ಬಂದಾಗ, ಚಾಪೆಯ ಮೇಲಿದ್ದ ಚಿಲ್ಲರೆಯನ್ನೂ ನಿಮ್ಮ ಜೇಬಿನ ಹಣವನ್ನೂ ಬೇರೆಬೇರೆಯಾಗಿ ಬರೆದಿದ್ದಾರೆಯೇ, ಇಲ್ಲವೇ ಎಲ್ಲವನ್ನೂ ಒಟ್ಟುಗೂಡಿಸಿ "ಪಣಕ್ಕೆ ಕಟ್ಟಿದ್ದ ಹಣ" ಎಂದಿದ್ದಾರೆಯೇ ಎಂಬುದನ್ನು ವಕೀಲರಿಗೆ ತೋರಿಸಿ.